ಚಳಿಯ ಅಂಗಿ, ಒಳಗಿನ ಪಿಸ್ತೂಲು

ಡಿಸೆಂಬರ್ ಬಂತೆಂದರೆ ಚಂದ್ರಾ ಲೇಔಟಿನ ಬೀದಿಗಳಲ್ಲಿ ಜನರ ಆಕಾರವೇ ಬದಲಾಗುತ್ತದೆ. ಬೆಳಗಿನ ಆರು ಗಂಟೆಗೆ ಉದ್ಯಾನದ ಸುತ್ತ ನಡೆಯುವವರು, ಹಾಲಿನ ಬೂತಿನ ಮುಂದೆ ನಿಂತವರು, ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದತ್ತ ಧಾವಿಸುವವರು ಎಲ್ಲರೂ ಒಂದು ಸುತ್ತು ದಪ್ಪಗಾಗಿರುತ್ತಾರೆ. ಸ್ವೆಟರು, ಜರ್ಕಿನ್ನು, ಮಫ್ಲರು, ಮಂಕಿ ಟೋಪಿ, ಮನೆಯ ಹಿರಿಯರ ಹೆಗಲ ಮೇಲೆ ಹಳೆಯ ಶಾಲು. ಬೆಂಗಳೂರಿನಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದಿದ್ದು 1884ರ ಜನವರಿ 13ರಂದು. ಆ ದಾಖಲೆ ಇಂದಿಗೂ ಹಾಗೆಯೇ ಇದೆ. ಈಗಿನ ನಮಗೆ ಹದಿನೈದು ಡಿಗ್ರಿಯೇ ಕೊರೆಯುವ ಚಳಿ. ಎದುರಿಗೆ ಬರುವವರ ಜರ್ಕಿನ್ನಿನ ಒಳಗೆ ಏನಿದೆ ಎಂದು ಯಾರೂ ಯೋಚಿಸುವುದಿಲ್ಲ. ಯೋಚಿಸದೆ ನಡೆದು ಹೋಗಲು ಸಾಧ್ಯವಾಗುವುದೇ ನಗರ ಜೀವನದ ನೆಮ್ಮದಿ.

ಆದರೆ ಈ ಬಟ್ಟೆಗೂ ಕಾನೂನಿಗೂ ಒಂದು ನಂಟಿದೆ. ಬಹಳ ಮಂದಿಗೆ ಅದು ತಿಳಿದಿಲ್ಲ. ಪರವಾನಗಿ ಪಡೆದ ಪಿಸ್ತೂಲು ಅಥವಾ ರಿವಾಲ್ವರನ್ನು ಸಾರ್ವಜನಿಕ ಸ್ಥಳದಲ್ಲಿ ಹೇಗೆ ಒಯ್ಯಬೇಕು ಎಂಬುದನ್ನು 2016ರ ಶಸ್ತ್ರಾಸ್ತ್ರ ನಿಯಮಾವಳಿಯ 32ನೇ ನಿಯಮ ಹೇಳುತ್ತದೆ. ಅದರ ಪ್ರಕಾರ ಆಯುಧ ಮೈಗೆ ಬಿಗಿದ ಒರೆಯಲ್ಲಿರಬೇಕು, ಇಲ್ಲವೇ ಚೀಲದಲ್ಲಿರಬೇಕು, ಪೂರ್ತಿಯಾಗಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿಯೂ ಇರಬೇಕು. ಜನರೆದುರು ಅದನ್ನು ಝಳಪಿಸಿದರೆ ಪರವಾನಗಿಗೇ ಕುತ್ತು. ಸಂಭ್ರಮಾಚರಣೆಯ ಹೆಸರಿನಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಅನಂತರ, ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ನಮ್ಮ ದೇಶದಲ್ಲಿ ಆಯುಧ ಮರೆಯಲ್ಲಿರುವುದು ಸಜ್ಜನಿಕೆ, ತೋರಿಸುವುದು ಅಪರಾಧ. ಕೊಲೆಗಡುಕ ಮಾಡುವುದೂ ಮರೆಮಾಚುವ ಕೆಲಸವನ್ನೇ. ಒಂದೇ ಜರ್ಕಿನ್ನು ಒಬ್ಬನಿಗೆ ಕಾನೂನಿನ ಪಾಲನೆ, ಇನ್ನೊಬ್ಬನಿಗೆ ವೇಷ. ಬೀದಿಯಲ್ಲಿ ನಿಂತು ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಈ ವಿಷಯ ನನ್ನ ತಲೆಯಲ್ಲಿ ಕೂತಿದ್ದು ಪರಿಚಯದ ವ್ಯಾಪಾರಿಯೊಬ್ಬರ ಮಾತಿನಿಂದ. ಹಣ, ಒಡವೆಗಳೊಂದಿಗೆ ರಾತ್ರಿ ಹೊತ್ತು ಓಡಾಡಬೇಕಾದ ವೃತ್ತಿ ಅವರದು. ಹಲವು ವರ್ಷಗಳಿಂದ ಪರವಾನಗಿ ಇದೆ. 'ಚಳಿಗಾಲ ಬಂದರೆ ನನಗೆ ನಿರಾಳ ಸಾರ್' ಎಂದರು. ಬೇಸಿಗೆಯಲ್ಲಿ ತೆಳು ಅಂಗಿಯ ಮೇಲೆ ಆಯುಧದ ಆಕಾರ ಮೂಡುತ್ತದೆ. ಇನ್‌ಶರ್ಟ್ ಮಾಡುವಂತಿಲ್ಲ, ಬಗ್ಗಿ ಚಪ್ಪಲಿ ಕಳಚುವಂತಿಲ್ಲ, ಸ್ಕೂಟರಿನಲ್ಲಿ ಕೂತರೆ ಅಂಗಿ ಗಾಳಿಗೆ ಹಾರುತ್ತದೆ. ಡಿಸೆಂಬರಿನಲ್ಲಿ ಒಂದು ಜರ್ಕಿನ್ನು ತೊಟ್ಟರೆ ಎಲ್ಲವೂ ಮುಚ್ಚಿಹೋಗುತ್ತದೆ. ಬಡಾವಣೆಯ ದರ್ಜಿಯಿಂದ ಅಗಲ ಮಾಡಿಸಿಕೊಂಡ, ಗಟ್ಟಿ ಅಸ್ತರು ಹಾಕಿಸಿದ ಕೋಟೂ ಅವರಲ್ಲಿದೆ. ಯಾತಕ್ಕೆಂದು ದರ್ಜಿ ಕೇಳಲಿಲ್ಲವಂತೆ, ಇವರೂ ಹೇಳಲಿಲ್ಲವಂತೆ.

ನಿರಾಳ ಎಂದವರೇ ಸ್ವಲ್ಪ ಹೊತ್ತಿನಲ್ಲಿ ಅದರ ಇನ್ನೊಂದು ಮುಖವನ್ನೂ ಬಿಚ್ಚಿಟ್ಟರು. ಬೆಂಗಳೂರಿನ ಚಳಿಯದು ಎರಡು ಮೂರು ತಾಸಿನ ಆಯುಷ್ಯ. ಬೆಳಿಗ್ಗೆ ಹದಿನೈದು ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ ಇಪ್ಪತ್ತೇಳಕ್ಕೆ ಏರುತ್ತದೆ. ಹನ್ನೊಂದು ಗಂಟೆಗೆ ಊರಿಗೆ ಊರೇ ಜರ್ಕಿನ್ನು ಕಳಚಿ ಗಾಡಿಯ ಡಿಕ್ಕಿಗೆ ತುರುಕುತ್ತದೆ. ಇವರು ಮಾತ್ರ ಕಳಚುವಂತಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತಾಗ ಬೆವರು ಹರಿಯುತ್ತಿದ್ದರೂ 'ಇರಲಿ, ಇರಲಿ' ಎನ್ನಬೇಕು. ನೆಂಟರ ಮನೆಗೆ ಹೋದರೆ ಕೋಟು ಕೊಡಿ, ಗೂಟಕ್ಕೆ ಹಾಕುತ್ತೇವೆ ಎಂದು ಉಪಚರಿಸುವವರಿಗೆ ಏನೋ ನೆಪ ಹೇಳಬೇಕು. ಆರು ವರ್ಷದ ಮೊಮ್ಮಗಳು ಓಡಿಬಂದು ಸೊಂಟವನ್ನು ತಬ್ಬಿಕೊಳ್ಳುವ ಮೊದಲೇ ಪಕ್ಕಕ್ಕೆ ಸರಿದು, ಅವಳನ್ನು ಇನ್ನೊಂದು ಕಡೆಯಿಂದ ಎತ್ತಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. 'ಅವಳಿಗೆ ಗೊತ್ತಿಲ್ಲ. ತಾತನಿಗೆ ಸೊಂಟನೋವು ಅಂದುಕೊಂಡಿದ್ದಾಳೆ' ಎಂದರು. ಮಡಿಲಲ್ಲಿ ಕೆಂಡ ಕಟ್ಟಿಕೊಳ್ಳುವುದು ಎಂಬ ಮಾತಿನ ಅರ್ಥ ನನಗೆ ಅಂದು ಇನ್ನಷ್ಟು ಸ್ಪಷ್ಟವಾಯಿತು.

ಹಿಮ ಬೀಳುವ ದೇಶಗಳಲ್ಲಿ ಈ ತೊಡಕು ತಿಂಗಳುಗಟ್ಟಲೆ ಇರುತ್ತದೆ. ಅಮೆರಿಕದಲ್ಲಿ ಕೈಬಂದೂಕನ್ನು ಮರೆಯಲ್ಲಿ ಒಯ್ಯುವವರು ಚಳಿಗಾಲದ ಉಡುಪನ್ನು ದೊಡ್ಡ ಸಮಸ್ಯೆಯಾಗಿಯೇ ಚರ್ಚಿಸುತ್ತಾರೆ. ದಪ್ಪ ಕೋಟು ಆಯುಧವನ್ನು ಚೆನ್ನಾಗಿ ಮುಚ್ಚುತ್ತದೆ, ಅಷ್ಟೇ ಚೆನ್ನಾಗಿ ಅದನ್ನು ಕೈಗೆ ಸಿಗದಂತೆಯೂ ಮಾಡುತ್ತದೆ. ಜಿಪ್ಪು ಎಳೆಯಬೇಕು, ಒಳಗಿನ ಸ್ವೆಟರನ್ನು ಮೇಲೆತ್ತಬೇಕು, ಕೈಗವಸು ತೊಟ್ಟ ಬೆರಳು ಕುದುರೆಯ ಬಳಿ ಸರಿಯಾಗಿ ಕೂರುವುದಿಲ್ಲ, ಸೆಟೆದ ಬೆರಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಮರೆ ಹೆಚ್ಚಿದಷ್ಟೂ ಆಯುಧ ಕೈಗೆ ಬರುವುದು ತಡವಾಗುತ್ತದೆ. ಅಲ್ಲಿ ಇದನ್ನು ಹಕ್ಕಿನ ನೆಲೆಯಲ್ಲಿ ನೋಡುತ್ತಾರೆ. ಮನೆಯ ಹೊರಗೆ ಕೈಬಂದೂಕು ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ರದ್ದುಪಡಿಸಿತು.

ನಾವು ಆ ದಾರಿ ಹಿಡಿಯಲಿಲ್ಲ. ಹಿಡಿಯಬಹುದಾಗಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ಕಟ್ಟಳೆಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಜನರನ್ನು ನಿರಾಯುಧರನ್ನಾಗಿಸಿದ 1878ರ ಬ್ರಿಟಿಷ್ ಕಾಯ್ದೆಯ ಮೇಲಿನ ಸಿಟ್ಟು ಅದರ ಹಿಂದಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅದೇ ಹಕ್ಕನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಆ ವರ್ಷದ ಜನವರಿಯಲ್ಲಿ ದೇಶ ಕಂಡದ್ದನ್ನು ನೆನೆದರೆ ಆ ಸಭೆಯ ಎಚ್ಚರಿಕೆ ಸಹಜವೆನಿಸುತ್ತದೆ. ಜನವರಿ 20ರಂದು ಬಿರ್ಲಾ ಭವನದ ಪ್ರಾರ್ಥನಾ ಸಭೆಯ ಹತ್ತಿರ ಬಾಂಬ್ ಸಿಡಿದಿತ್ತು. ಬರುವವರ ಮೈ ತಡವಿ ಪರೀಕ್ಷಿಸುತ್ತೇವೆಂದು ಪೊಲೀಸರು ಕೇಳಿಕೊಂಡಾಗ ಗಾಂಧೀಜಿ ಸಮ್ಮತಿಸಲಿಲ್ಲ. ಪ್ರಾರ್ಥನೆಗೆ ಬರುವವರನ್ನು ಅನುಮಾನದಿಂದ ಮುಟ್ಟುವುದು ಅವರಿಗೆ ಬೇಡವಾಗಿತ್ತು. ದೆಹಲಿಯ ಮಾಗಿಯ ಸಂಜೆ, ಹೊದ್ದು ಬಂದ ಜನರ ನಡುವಿನಿಂದ, 30ರಂದು ಒಬ್ಬ ಮುಂದೆ ಬಂದು ನಮಸ್ಕರಿಸಿದ. ಆ ಕ್ಷಣದವರೆಗೂ ಪಿಸ್ತೂಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಪಶ್ಚಿಮ ಬೆಂಗಳೂರಿಗೂ ಇಂತಹ ನೆನಪೊಂದಿದೆ. ಚಂದ್ರಾ ಲೇಔಟಿನಿಂದ ಮೈಸೂರು ರಸ್ತೆ ದಾಟಿದರೆ ಸಿಗುವ ರಾಜರಾಜೇಶ್ವರಿ ನಗರದಲ್ಲಿ 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಬಂದವರು ಬೈಕಿನಲ್ಲಿ ಬಂದಿದ್ದರು, ಹೆಲ್ಮೆಟ್ ಧರಿಸಿದ್ದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಲ್ಲಲಾಗಿತ್ತು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ನಾಡ ಪಿಸ್ತೂಲು, ಆಯುಧ ಒಂದೇ ಎಂದು ವಿಧಿವಿಜ್ಞಾನ ಪರೀಕ್ಷೆ ಸೂಚಿಸಿತು. ಗೌರಿ ಹತ್ಯೆಯ ಬಳಿಕ ಹಲವು ಸಾಹಿತಿಗಳಿಗೆ ಸರ್ಕಾರ ಪೊಲೀಸ್ ಭದ್ರತೆ ನೀಡಿತು. ಬೆದರಿಕೆ ಇರುವವರು ತಾವೇ ಒಂದು ಪಿಸ್ತೂಲು ಇಟ್ಟುಕೊಳ್ಳಬಾರದೇಕೆ ಎಂಬ ಮಾತು ಆಗ ನಮ್ಮ ನಡಿಗೆಯ ಗುಂಪಿನಲ್ಲೂ ಬಂದಿತ್ತು.

ಆ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಜೀವಭಯದಲ್ಲಿರುವವರಿಗೆ ನಿನ್ನ ರಕ್ಷಣೆಯನ್ನು ವ್ಯವಸ್ಥೆಗೆ ಬಿಟ್ಟು ಸುಮ್ಮನಿರು ಎಂದು ಬೋಧಿಸುವ ಅಧಿಕಾರ, ಬೆದರಿಕೆ ಇಲ್ಲದ ನಮಗೆ ಎಲ್ಲಿದೆ? ಆದರೂ ಆ ಎರಡು ಘಟನೆಗಳನ್ನೇ ಎದುರಿಗಿಟ್ಟುಕೊಂಡು ನೋಡೋಣ. ಒಬ್ಬರು ಬಾಗಿಲು ತೆರೆದರು. ಇನ್ನೊಬ್ಬರು ಕೆಲಸ ಮುಗಿಸಿ ಮನೆಗೆ ಮರಳಿದ್ದರು. ಎರಡೂ ಕಡೆ ಕೊಲೆಗಾರನಿಗೆ ಸಮಯ ತಿಳಿದಿತ್ತು, ಆಯುಧ ಅವನ ಕೈಯಲ್ಲಿ ಸಿದ್ಧವಾಗಿತ್ತು. ಎದುರಿಗಿದ್ದವರ ಸ್ವೆಟರಿನ ಒಳಗೆ ಪರವಾನಗಿಯ ರಿವಾಲ್ವರ್ ಇದ್ದಿದ್ದರೂ ಅದು ಹೊರಬರುವಷ್ಟು ಹೊತ್ತು ಸಿಗುತ್ತಿರಲಿಲ್ಲ. ಕಾನೂನು ಪಾಲಿಸುವವನ ಆಯುಧ ಮುಚ್ಚಿರಲೇಬೇಕು. ಪಾಲಿಸದವನದು ಮುಚ್ಚಿರುವುದು ಅವನಿಗೆ ಬೇಕಾದಷ್ಟು ಹೊತ್ತು ಮಾತ್ರ. ಈ ಅಸಮಾನತೆಯನ್ನು ಯಾವ ದರ್ಜಿಯೂ ಹೊಲಿದು ಸರಿಪಡಿಸಲಾರ.

2012ರ ದೆಹಲಿ ಅತ್ಯಾಚಾರದ ಬಳಿಕ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ .32 ಬೋರ್ ರಿವಾಲ್ವರ್ ತಯಾರಿಸಿತು. ತೂಕ ಅರ್ಧ ಕಿಲೊ. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಬೆಲೆ ಒಂದು ಲಕ್ಷ ರೂಪಾಯಿಗೂ ಹೆಚ್ಚು. ಸೀರೆಯ ಮೇಲೆ ಸ್ವೆಟರು ತೊಟ್ಟು, ಅದರ ಮೇಲೆ ಬ್ಯಾಗನ್ನು ಅಡ್ಡ ಹಾಕಿಕೊಂಡು, ಚಂದ್ರಾ ಲೇಔಟಿನ ಬಸ್ ನಿಲ್ದಾಣದಲ್ಲಿ ರಾತ್ರಿ ಒಂಬತ್ತಕ್ಕೆ ಕಾಯುವ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ಇದರಿಂದ ಆದ ಉಪಕಾರವೇನು? ಅವಳಿಗೆ ಬೇಕಾದದ್ದು ಉರಿಯುವ ಬೀದಿದೀಪ, ಹೊತ್ತಿಗೆ ಬರುವ ಬಸ್ಸು, ಕರೆದರೆ ಓಗೊಡುವ ಠಾಣೆ.

ಬಳಸುವವರಿಗೇ ಆಯುಧ ತಿರುಗಿಬೀಳುವ ಅಪಾಯವೂ ಚಿಕ್ಕದಲ್ಲ. 2024ರ ಅಕ್ಟೋಬರ್ 1ರ ನಸುಕಿನಲ್ಲಿ ಹಿಂದಿ ನಟ ಗೋವಿಂದ ಅವರು ಮುಂಬೈನ ಮನೆಯಿಂದ ಹೊರಡುವ ಸಿದ್ಧತೆಯಲ್ಲಿದ್ದಾಗ ತಮ್ಮದೇ ಪರವಾನಗಿಯ ರಿವಾಲ್ವರಿನಿಂದ ಆಕಸ್ಮಿಕವಾಗಿ ಗುಂಡು ಹಾರಿ ಕಾಲಿಗೆ ಗಾಯ ಮಾಡಿಕೊಂಡರು. ಶತ್ರು ಎದುರಿಗಿರಲಿಲ್ಲ. ಆಯುಧವನ್ನು ಎತ್ತಿಡುವ, ತೆಗೆಯುವ, ಸಿಕ್ಕಿಸಿಕೊಳ್ಳುವ ದಿನನಿತ್ಯದ ಕೆಲಸದಲ್ಲಿಯೇ ಹೆಚ್ಚು ಎಚ್ಚರ ಬೇಕು. ಒಂದರ ಮೇಲೊಂದು ಬಟ್ಟೆ ಹಾಕಿ ಕಳಚುವ ಚಳಿಗಾಲದಲ್ಲಂತೂ ಆ ಕೆಲಸ ದಿನಕ್ಕೆ ನಾಲ್ಕು ಸಲ.

ಕರ್ನಾಟಕದಲ್ಲಿಯೇ ಇದಕ್ಕೆ ಪೂರ್ತಿ ವಿರುದ್ಧವಾದ ಪರಂಪರೆಯೊಂದಿದೆ. ನಮಗಿಂತ ಹೆಚ್ಚು ಚಳಿ, ಮಳೆ ಕಾಣುವ ಕೊಡಗಿನಲ್ಲಿ ಕೊಡವರ ಕುಪ್ಯ ಮೊಣಕಾಲವರೆಗಿನ ದಪ್ಪ ಕಪ್ಪು ನಿಲುವಂಗಿ. ಅದರ ಮೇಲೆ ಕೆಂಪು ರೇಷ್ಮೆಯ ಚೇಲೆ ಸುತ್ತಿ, ಪೀಚೆಕತ್ತಿಯನ್ನು ಹೊಟ್ಟೆಯ ಮುಂಭಾಗದಲ್ಲಿ, ಎಲ್ಲರಿಗೂ ಕಾಣುವಂತೆ ಸಿಕ್ಕಿಸುತ್ತಾರೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸದ್ದು ಕೇಳಿದ ಊರಿಗೆ ಸುದ್ದಿ ತಿಳಿಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಈ ವಿನಾಯಿತಿಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಇರಲಿ. ನಾನು ಗಮನಿಸುವುದು ಇಷ್ಟನ್ನೇ: ಅಲ್ಲಿ ಯಾರ ಮನೆಯಲ್ಲಿ ಕೋವಿ ಇದೆ ಎಂಬುದು ಊರಿಗೆ ಗೊತ್ತು. ಕಾಣುವ ಆಯುಧಕ್ಕೆ ಮನೆತನದ ಮರ್ಯಾದೆ, ಊರಿನ ಕಣ್ಣು ಎರಡೂ ಕಾವಲು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ ನಗರದಲ್ಲಿ ಆ ಕಾವಲು ಇಲ್ಲ. ಆದ್ದರಿಂದ ಇಲ್ಲಿ ಆಯುಧ ಮುಚ್ಚಿರಲಿ ಎಂದು ಕಾನೂನು ಹೇಳಿದ್ದು ಸರಿಯಾಗಿಯೇ ಇದೆ. ಸೊಂಟದಲ್ಲಿ ಪಿಸ್ತೂಲು ತೋರಿಸಿಕೊಂಡು ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವವನ ಮುಂದೆ ಯಾವ ಅಂಗಡಿಯವನು ಬೆಲೆ ಹೇಳಿಯಾನು?

ಆಯುಧ ಮುಚ್ಚಿರಬೇಕು ಎಂದಮೇಲೆ ಅದನ್ನು ಪತ್ತೆ ಮಾಡುವ ಹೊಣೆ ಯಾರದು? ನಗರ ಈಚೆಗೆ ಆ ಹೊಣೆಯನ್ನು ಬಾಗಿಲ ಕಾವಲುಗಾರನ ಮೇಲೆ ಹೊರಿಸಿದೆ. ಮೆಟ್ರೊ ನಿಲ್ದಾಣದಲ್ಲಿ ಜರ್ಕಿನ್ನಿನ ಮೇಲೆ ಕೈಯಾಡಿಸುತ್ತಾರೆ, ಲೋಹಶೋಧಕ ಹಿಡಿಯುತ್ತಾರೆ. ಎಲ್ಲರಿಗೂ ಒಂದೇ ರೀತಿಯ ಆ ಪರೀಕ್ಷೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು, ಯಂತ್ರ ನೋಡಬೇಕಾದ್ದನ್ನು ಕಣ್ಣು ಬಟ್ಟೆಯಲ್ಲಿ ಹುಡುಕತೊಡಗಿದಾಗ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು, ಟಿಕೆಟ್ ಇದ್ದರೂ, ಬಟ್ಟೆಯ ಕಾರಣಕ್ಕೆ ತಡೆಯಲಾಯಿತು. ಸಹಪ್ರಯಾಣಿಕರು ಪ್ರತಿಭಟಿಸಿದರು, ಭದ್ರತಾ ಮೇಲ್ವಿಚಾರಕನನ್ನು ಮೆಟ್ರೊ ನಿಗಮ ಕೆಲಸದಿಂದ ತೆಗೆಯಿತು. ಅದೇ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್ ಒಂದು ಪಂಚೆ ಉಟ್ಟ ಹಿರಿಯ ರೈತರಿಗೆ ಪ್ರವೇಶ ನಿರಾಕರಿಸಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಎರಡೂ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ನಡೆದವು. ಬೆಲೆಬಾಳುವ ಜರ್ಕಿನ್ನು ತೊಟ್ಟವರನ್ನು ಹಾಗೆ ತಡೆದ ಸುದ್ದಿಯನ್ನು ನಾನಂತೂ ಓದಿಲ್ಲ.

ಅನುಮಾನ ಬಟ್ಟೆಗೆ ಅಂಟಿಕೊಂಡರೆ ಏನಾಗುತ್ತದೆ ಎಂಬುದನ್ನು ಕಾಶ್ಮೀರದಿಂದ ಕಲಿಯಬೇಕು. ಅಲ್ಲಿನವರು ಚಳಿಗೆ ತೊಡುವ ಫೆರನ್ ಎಂಬ ಸಡಿಲ ನಿಲುವಂಗಿಯೊಳಗೆ ಕೆಂಡ ತುಂಬಿದ ಕಾಂಗಡಿಯನ್ನು ಹಿಡಿದುಕೊಳ್ಳುವುದು ಶತಮಾನಗಳ ರೂಢಿ. ಉಗ್ರವಾದದ ವರ್ಷಗಳಲ್ಲಿ ಬಂದೂಕುಗಳೂ ಅದರೊಳಗೆ ಅಡಗಿ ಬಂದವು. ಆಮೇಲೆ ಫೆರನ್ ತೊಟ್ಟ ಪ್ರತಿಯೊಬ್ಬನೂ ತಪಾಸಣೆಯ ಕಂಬದ ಬಳಿ ಅಂಗಿ ಎತ್ತಿ ತೋರಿಸಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಉತ್ತರ ಕಾಶ್ಮೀರದ ಶಿಕ್ಷಣಾಧಿಕಾರಿಯೊಬ್ಬರು ಕಚೇರಿಗೆ ಫೆರನ್ ತೊಟ್ಟು ಬರಬಾರದೆಂದು ಆದೇಶಿಸಿ, ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆದರು. ಕೆಲವರ ಮರೆಯ ಆಯುಧಕ್ಕೆ ಇಡೀ ಜನಸಮುದಾಯ ತನ್ನ ಚಳಿಯ ಬಟ್ಟೆಯಿಂದ ಬೆಲೆ ತೆರಬೇಕಾದ ಸ್ಥಿತಿ ಅದು.

ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಬೀದಿಗಿಂತ ಮೊದಲು, ಪರವಾನಗಿಯ ಮೇಜಿನ ಮುಂದೆ ಏಳಬೇಕು. ಬೆಂಗಳೂರಿನಲ್ಲಿ ಪರವಾನಗಿ ಕೊಡುವ ಅಧಿಕಾರ ನಗರ ಪೊಲೀಸ್ ಆಯುಕ್ತರದು. 2016ರ ನಿಯಮಾವಳಿ ಅರ್ಜಿದಾರನ ದೈಹಿಕ, ಮಾನಸಿಕ ಆರೋಗ್ಯದ ಪ್ರಮಾಣಪತ್ರ ಕೇಳುತ್ತದೆ, ಸುರಕ್ಷಿತ ಬಳಕೆಯ ತರಬೇತಿ ಕೇಳುತ್ತದೆ, ಮನೆಯಲ್ಲಿ ಭದ್ರವಾಗಿ ಇಡುವ ಮುಚ್ಚಳಿಕೆಯನ್ನೂ ಕೇಳುತ್ತದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಐದು ವರ್ಷದಲ್ಲಿ ಮನುಷ್ಯನ ದೃಷ್ಟಿ ಮಂಜಾಗಬಹುದು, ಕೈ ನಡುಗಬಹುದು, ಸಂಸಾರದಲ್ಲಿ ಜಗಳ ಹುಟ್ಟಬಹುದು, ಕುಡಿತ ಹತ್ತಬಹುದು. ನವೀಕರಣದ ಹೊತ್ತಿನಲ್ಲಿ ಇವನ್ನೆಲ್ಲ ನಿಜವಾಗಿ ನೋಡುವವರು ಬೇಕು. ಕಾಗದದ ಮೇಲೆ ಮೊಹರು ಬಿದ್ದರೆ ಸಾಲದು. ಜೊತೆಗೆ, ಮನೆಯಲ್ಲಿ ಆಯುಧವಿರುವುದನ್ನು ಆ ಮನೆಯ ವಯಸ್ಕರೆಲ್ಲರೂ ಅರಿತಿದ್ದು ಒಪ್ಪಿದ್ದಾರೆಯೇ ಎಂದು ವಿಚಾರಿಸುವುದೂ ಅಗತ್ಯ. ಅದರೊಂದಿಗೆ ಬದುಕುವವರು ಅವರು.

ಚುನಾವಣೆ ಬಂದಾಗ ಪರವಾನಗಿದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ನನ್ನ ಪರಿಚಿತ ವ್ಯಾಪಾರಿಯೂ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಆ ವಾರಗಳಲ್ಲಿ ಹೆದರಿಕೆ ಹೆಚ್ಚಾಗುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಅಂಗಡಿ ಬೇಗ ಮುಚ್ಚುತ್ತೇನೆ, ಹಣವನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟುತ್ತೇನೆ, ರಾತ್ರಿ ಬರುವಾಗ ಮಗನನ್ನು ಕರೆದುಕೊಳ್ಳುತ್ತೇನೆ ಎಂದರು. ಅವು ಮೂರೂ ವರ್ಷವಿಡೀ ಮಾಡಬಹುದಾದ ಕೆಲಸಗಳೇ. ಹಾಗೆಂದು ನಾನು ಅವರಿಗೆ ಹೇಳಲಿಲ್ಲ. ಹಣದ ಚೀಲ ಹಿಡಿದು ಕತ್ತಲಲ್ಲಿ ಒಬ್ಬರೇ ನಡೆಯುವುದು ನನ್ನ ಅನುಭವವಲ್ಲ.

ಪರವಾನಗಿ ಇರಬೇಕೇ ಬೇಡವೇ ಎಂಬುದನ್ನು ಆಯಾ ಪ್ರಕರಣದಲ್ಲಿ ಅಧಿಕಾರಿಗಳು ತೂಗಿ ನೋಡಲಿ. ತೂಗುವ ಕೆಲಸ ಮಾತ್ರ ಪ್ರಾಮಾಣಿಕವಾಗಿರಲಿ. ಅಲ್ಲಿ ಒಬ್ಬ ಅಯೋಗ್ಯನಿಗೆ ಪರವಾನಗಿ ಸಿಕ್ಕರೆ, ಅಥವಾ ನಾಡ ಪಿಸ್ತೂಲಿನ ಸಾಗಣೆಯತ್ತ ಒಬ್ಬ ಅಧಿಕಾರಿ ಕಣ್ಣು ಮುಚ್ಚಿದರೆ, ಅದರ ಪರಿಣಾಮ ಚಂದ್ರಾ ಲೇಔಟಿನ ಬೆಳಗಿನ ನಡಿಗೆಯವರೆಗೂ ತಲುಪುತ್ತದೆ. ಆಗ ನಾವು ಒಬ್ಬರ ಜರ್ಕಿನ್ನನ್ನು ಇನ್ನೊಬ್ಬರು ಅನುಮಾನದಿಂದ ನೋಡತೊಡಗುತ್ತೇವೆ. ಚಳಿಗೆ ಬೆಚ್ಚಗೆ ಹೊದ್ದು, ಎದುರಿಗೆ ಬಂದವರಿಗೆ ಹೆದರದೆ ನಮಸ್ಕಾರ ಹೇಳುವಷ್ಟು ನಂಬಿಕೆ ಈ ಊರಿನಲ್ಲಿ ಇನ್ನೂ ಉಳಿದಿದೆ. ಅದನ್ನು ಕಾಯುವುದು ಪರವಾನಗಿ ಕೊಡುವವರ ಮೊದಲ ಕೆಲಸ.